ದೊಡ್ಡ ಹಬ್ಬಕ್ಕೆ ಏರ್‌ಗನ್ ಕೊಟ್ಟ ಮಾವನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಇದು ಪೆಟ್ಟಿಗೆ ಬಿಚ್ಚಿದ ದಿನವೇ ಐದು ಸ್ಟಾರ್ ಒತ್ತುವ ರಿವ್ಯೂ ಅಲ್ಲ. 2024ರ ದೀಪಾವಳಿಗೆ ತಂದ ಸಾಮಾನು. 2025ರ ದೀಪಾವಳಿಯೂ ಮುಗಿದ ಮೇಲೆ ಬರೆಯುತ್ತಿದ್ದೇನೆ. ನಡುವೆ ಒಂದು ಮಳೆಗಾಲ ಹೋಯಿತು. ನಮ್ಮ ಶಿರಸಿ ಕಡೆ ಒಂದು ಮಳೆಗಾಲ ದಾಟದ ಸಾಮಾನಿನ ಬಗ್ಗೆ ಒಳ್ಳೆಯದು ಕೆಟ್ಟದ್ದು ಎರಡನ್ನೂ ಹೇಳಬಾರದು. ಛತ್ರಿ ಇರಲಿ, ಟಾರ್ಚ್ ಇರಲಿ, ಹೊಸ ಅಳಿಯ ಇರಲಿ.

ಸಾಮಾನು ಅಂದರೆ ಏರ್‌ಗನ್. ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಜಾತಿಯದು. ನಾಲ್ಕೂವರೆ ಮಿಲಿಮೀಟರ್ ಪೆಲೆಟ್ಟಿನದು, ಅಂಗಡಿಯವರ ಭಾಷೆಯಲ್ಲಿ 0.177. ಆರು ಸಾವಿರದ ಚಿಲ್ಲರೆ ಬಿತ್ತು. ಕೊಟ್ಟಿದ್ದು ಕುಮಟೆಯ ತಂಗಿಯ ಮಗನಿಗೆ. ಆಗ ಅವನಿಗೆ ಹದಿಮೂರು. ಕೊಡುವ ಮೊದಲು ತಂಗಿಯನ್ನು ಕೇಳಿದೆ, ಭಾವನನ್ನು ಕೇಳಿದೆ, ಹೆಂಡತಿಯನ್ನು ಕೇಳಲಿಲ್ಲ. ಅದು ಮೊದಲನೇ ತಪ್ಪು.

ಹುಡುಗನಿಗೆ ಆಸೆ ಹುಟ್ಟಿದ್ದು ಕಾರವಾರದಲ್ಲಿ. ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಹಡಗು ನಿಲ್ಲಿಸಿದ್ದಾರಲ್ಲ, ಅದನ್ನು ನೋಡಲು ಹೋಗಿದ್ದೆವು. ಉಳಿದವರು ಫೋಟೋ ತೆಗೆಸಿಕೊಂಡು ಐಸ್‌ಕ್ರೀಮಿಗೆ ಹೊರಟರೂ ಇವನು ಹಡಗಿನ ತುಪಾಕಿ ಬಿಟ್ಟು ಕದಲಲಿಲ್ಲ. ವಾಪಸು ಬರುವಾಗ ಬಿಣಗಾ ದಾಟುವ ಮೊದಲೇ ಹಿಂದಿನ ಸೀಟಿನಿಂದ ಪ್ರಶ್ನೆ ಬಂತು. "ಮಾವ, ಅಜ್ಜನ ಕೋವಿ ಮುಂದೆ ಯಾರಿಗೆ?"

ಅಜ್ಜ ಅಂದರೆ ನನ್ನ ಅಪ್ಪ. ಕೋವಿ ಮಾತ್ರ ನನ್ನ ಅಜ್ಜನ ಕಾಲದ್ದು. ಒಂಟಿ ನಳಿಗೆಯ ತೋಟೆ ಕೋವಿ. ತಂಬುಳಿ ಉಣ್ಣುವ ಮನೆಯಲ್ಲಿ ಕೋವಿ ಯಾಕೆ ಅಂತ ಪೇಟೆಯವರು ಕೇಳುತ್ತಾರೆ. ಅಡಿಕೆ ತೋಟ ಇದ್ದವರು ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಅದರಿಂದ ಯಾರೂ ಬೇಟೆ ಆಡಿದವರಲ್ಲ. ಮಂಗ ಬಂದಾಗ ಆಕಾಶಕ್ಕೆ ಒಂದು ಈಡು ಹಾಕುವುದು, ರಾತ್ರಿ ಹಂದಿ ಗದ್ದೆಗೆ ಇಳಿದಾಗ ಇನ್ನೊಂದು. ಅಷ್ಟೇ ಅದರ ಕೆಲಸ.

ಮಜಾ ಏನೆಂದರೆ ಅದೂ ದೀಪಾವಳಿ ಉಡುಗೊರೆಯೇ. ಅಜ್ಜ ಮದುವೆಯಾದ ಮೊದಲ ದೊಡ್ಡ ಹಬ್ಬಕ್ಕೆ ಮಾವನ ಮನೆಗೆ ಹೋದಾಗ ಕೊಟ್ಟದ್ದಂತೆ. ಬೇರೆ ಅಳಿಯಂದಿರಿಗೆ ಉಂಗುರ, ಕೈಗಡಿಯಾರ, ಜರಿ ಪಂಚೆ. ನಮ್ಮ ಅಜ್ಜನಿಗೆ ಮಂಗ ಓಡಿಸುವ ಸಾಮಾನು. ಸ್ವಾತಂತ್ರ್ಯ ಬಂದು ಒಂದೆರಡು ವರ್ಷ ಆಗಿತ್ತು, ನಮ್ಮ ಜಿಲ್ಲೆ ಆಗಿನ್ನೂ ಮುಂಬೈಗೆ ಸೇರಿತ್ತು. ಆಗಲೂ ಕಾಗದ ಪತ್ರ ಬೇಕಿತ್ತು, ಸುಮ್ನೆ ಕೈಗೆ ಕೊಟ್ಟು ಕಳಿಸಿದ್ದಲ್ಲ. ಹಬ್ಬದ ದಿನ ಮಾವ ಕೋವಿ ತೋರಿಸಿ, ಕುಂಕುಮ ಹಚ್ಚಿಸಿ, ಮತ್ತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರಂತೆ. ಲೈಸೆನ್ಸ್ ಆಗಿ ಕೋವಿ ನಮ್ಮ ಮನೆಗೆ ಬಂದದ್ದು ಮುಂದಿನ ವರ್ಷ. ಅಜ್ಜಿ ಇದನ್ನು ಹೇಳುವಾಗೆಲ್ಲ "ಹುಡುಗಿಯನ್ನು ಒಂದೇ ದಿನಕ್ಕೆ ಕಳಿಸಿದರು, ಕೋವಿ ಕಳಿಸಲು ವರ್ಷ ಬೇಕಾಯಿತು" ಅಂತ ಸೇರಿಸುತ್ತಿದ್ದಳು.

ಈಗ ಆ ತರ ಉಡುಗೊರೆ ಕೊಡುವುದು ಇನ್ನೂ ಕಷ್ಟ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದವನ ಕೈಗೆ ಕೋವಿ ಕೊಡುವ ಹಾಗೇ ಇಲ್ಲ, ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. ಲೈಸೆನ್ಸ್ ಇದ್ದವನಿಗೇ ನಮ್ಮ ಕೋವಿ ಕೊಡಬೇಕೆಂದರೂ ಮೊದಲು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಬೇಕು, ಆಮೇಲೆ 45 ದಿನ ಕಾಯಬೇಕು. ನವರಾತ್ರಿಗೆ ಮೊದಲೇ ಅರ್ಜಿ ಬರೆದರೆ ದೀಪಾವಳಿಗೆ ಉಡುಗೊರೆ. 2019ರಲ್ಲಿ ಕಾಯ್ದೆ ತಿದ್ದಿದ ಮೇಲೆ ಒಬ್ಬರಿಗೆ ಮೂರು ಇದ್ದದ್ದು ಎರಡೇ ಕೋವಿ ಆಯಿತು. ಲೈಸೆನ್ಸ್ ಅವಧಿ ಮಾತ್ರ ಮೂರು ವರ್ಷದಿಂದ ಐದಕ್ಕೆ ಏರಿತು. ಅದೊಂದು ಉಪಕಾರ. ಈ ಕಾಗದದ ಕೆಲಸಕ್ಕೆ ದೇವಿಮನೆ ಘಟ್ಟ ಇಳಿದು, ಕುಮಟೆಯಲ್ಲಿ ಚಹಾ ಕುಡಿದು, ಕಾರವಾರ ಮುಟ್ಟಿ, ಅದೇ ದಿನ ವಾಪಸು ಬಂದವರಿಗೆ ಐದು ವರ್ಷದ ಬೆಲೆ ಗೊತ್ತು.

ಮನೆಯೊಳಗೇ ಕೋವಿ ದಾಟಿಸಲು ಒಂದು ದಾರಿ ಇದೆ. 2016ರ ನಿಯಮಗಳಲ್ಲಿ ವಾರಸುದಾರರ ವಿಷಯ ಬರುತ್ತದೆ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಸರಿಯೇ, ಬದುಕಿರುವಾಗಲೂ ಅವರಿಗೆ 70 ತುಂಬಿದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ ವಾರಸುದಾರರು ಅರ್ಜಿ ಹಾಕಬಹುದು. ಅಪ್ಪನಿಗೆ 70 ದಾಟಿದೆ. ನಾನು ಇನ್ನೂ ಅರ್ಜಿ ಹಾಕಿಲ್ಲ. ಯಾಕೆ ಅಂದರೆ ಅಪ್ಪನೇ "ಅಷ್ಟು ಅವಸರ ಏನು" ಅಂತ ಕೇಳಿ ನನ್ನ ಮುಖ ನೋಡಿದ. ಕೋವಿ ಕೇಳುವುದೂ ಆಸ್ತಿ ಪಾಲು ಕೇಳುವುದೂ ನಮ್ಮಲ್ಲಿ ಒಂದೇ ಧ್ವನಿಯಲ್ಲಿ ಕೇಳಿಸುತ್ತದೆ.

ಕೊಡಗಿನವರ ಲೆಕ್ಕ ಬೇರೆ. ಕೊಡವರಿಗೆ, ಜಮ್ಮಾ ಭೂಮಿ (ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ಇರುವವರಿಗೆ ಬ್ರಿಟಿಷರ ಕಾಲದಿಂದಲೂ ಲೈಸೆನ್ಸ್ ವಿನಾಯಿತಿ ಇದೆ. ಗಂಡು ಮಗು ಹುಟ್ಟಿದರೆ ಒಂದು ಈಡು ಹಾಕುತ್ತಾರೆ. ಸೆಪ್ಟೆಂಬರಿನ ಕೈಲ್‌ಪೋಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡಿ ನಳಿಗೆಗೆ ಗೌರಿ ಹೂ ಸಿಕ್ಕಿಸುತ್ತಾರೆ, ಆ ಹೂವಿಗೆ ಅವರಲ್ಲಿ ಹೆಸರೇ ತೋಕ್ ಪೂ, ಕೋವಿ ಹೂ. ನಮಗೆ ಆ ಭಾಗ್ಯ ಇಲ್ಲ. ನಮ್ಮದು ಚುನಾವಣೆ ಬಂತೆಂದರೆ ಠಾಣೆಗೆ ಹೋಗಿ ಕುಳಿತುಕೊಳ್ಳುವ ಕೋವಿ. 2024ರ ಮೇ 7ಕ್ಕೆ ನಮ್ಮಲ್ಲಿ ಲೋಕಸಭೆ ಮತದಾನ ಇತ್ತು. ಆ ಬೇಸಿಗೆ ಪೂರ್ತಿ ಕೋವಿ ಠಾಣೆಯಲ್ಲಿ, ಮಂಗ ತೋಟದಲ್ಲಿ, ಅಪ್ಪ ಜಗಲಿಯಲ್ಲಿ ತಗಡಿನ ಡಬ್ಬ ಬಡಿಯುತ್ತ.

ಈ ಎಲ್ಲ ಕಾರಣಕ್ಕೆ ಏರ್‌ಗನ್ನಿನ ಯೋಚನೆ ಬಂತು. ನಾಲ್ಕೂವರೆ ಮಿಲಿಮೀಟರ್ ಒಳಗಿದ್ದು, ಗುಂಡಿನ ಶಕ್ತಿ 20 ಜೌಲ್ ದಾಟದಿದ್ದರೆ ಲೈಸೆನ್ಸ್ ಬೇಡ. ಗುರುತಿನ ಚೀಟಿ ಕೇಳುತ್ತಾರೆ. ಆಧಾರ್ ಕೊಟ್ಟೆ, ಬಿಲ್ಲು ನನ್ನ ಹೆಸರಿಗೇ ಮಾಡಿಸಿದೆ. ಕಾಗದದ ಮೇಲೆ ಅದು ಹುಡುಗನದ್ದಲ್ಲ, ನನ್ನದು. ಇದನ್ನು ಸುಮ್ಮನೆ ಬರೆದೆ ಅಂದುಕೊಳ್ಳಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ತರಿಸಿದ್ದು ಆನ್‌ಲೈನಿನಲ್ಲಿ. ಮಾರಿದವರ ಹೆಸರು ಬೇಡ, ಅವರ ಪುಣ್ಯ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಕೊರಿಯರ್ ಹುಡುಗ ಫೋನ್ ಮಾಡಿದ. ನಮ್ಮ ಊರಿಗೆ ಬರುವುದಿಲ್ಲವಂತೆ, ಶಿರಸಿಗೆ ಬಂದು ಒಯ್ಯಬೇಕಂತೆ. ಬೈಕು ರಿಪೇರಿಗೆ ಬಿಟ್ಟಿದ್ದೆ. ನಾಲ್ಕಡಿ ಉದ್ದದ ಪೆಟ್ಟಿಗೆ ಹಿಡಿದುಕೊಂಡು ಸಂಜೆ ಬಸ್ಸು ಹತ್ತಿದೆ. ಹಬ್ಬದ ರಶ್ಶು. ಕಂಡಕ್ಟರ್ "ಏನ್ರೀ ಅದು?" ಅಂದ. "ಡ್ರಿಪ್ ಪೈಪು" ಅಂದೆ. ಪೈಪಿಗೂ ಲಗೇಜ್ ಟಿಕೆಟ್ ಹರಿದ.

ಮನೆಯಲ್ಲಿ ಬಿಚ್ಚಿ ನೋಡಿದರೆ ಹಿಂದಿನ ಗುರಿಕಣ್ಣಿನ ಸ್ಕ್ರೂ ಇಲ್ಲ. ಗುರಿಕಣ್ಣು ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಹೊಡೆದದ್ದೆಲ್ಲ ನಾಲ್ಕು ಬೆರಳು ಎಡಕ್ಕೆ. ಫೋಟೋ ಕಳಿಸಿದೆ, ವಿಡಿಯೋ ಕಳಿಸಿದೆ. "ನಮ್ಮ ತಂಡ ಪರಿಶೀಲಿಸುತ್ತಿದೆ" ಅನ್ನುವ ಒಂದೇ ಮಾತು ಒಂಬತ್ತು ದಿನ. ಕೊನೆಗೆ ಶಿರಸಿಯಲ್ಲಿ ವಾಚ್ ರಿಪೇರಿ ಮಾಡುವ ಅಜ್ಜ ಒಬ್ಬರು ಡಬ್ಬಿ ಕೆದಕಿ ಸರಿಹೊಂದುವ ಸ್ಕ್ರೂ ಹಾಕಿಕೊಟ್ಟರು. ಇಪ್ಪತ್ತು ರೂಪಾಯಿ. ಕಂಪನಿಯ ಸ್ಕ್ರೂ ಆಮೇಲೆ ಬಂತು, ದೊಡ್ಡ ಪೆಟ್ಟಿಗೆಯಲ್ಲಿ, ಗುಳ್ಳೆ ಪ್ಲಾಸ್ಟಿಕ್ ಸುತ್ತಿಕೊಂಡು, ಮದುಮಗಳ ಹಾಗೆ. ಮಾರಿದವರ ಸೇವೆಗೆ ನನ್ನಿಂದ ಒಂದೂವರೆ ಸ್ಟಾರ್.

ಗುರಿಕಣ್ಣು ಸರಿಯಾದ ಮೇಲೆ ಸಾಮಾನು ಒಳ್ಳೆಯದೇ, ಅದನ್ನು ಒಪ್ಪಬೇಕು. ಮೊದಲ ಹತ್ತಿಪ್ಪತ್ತು ಈಡಿಗೆ ಸ್ವಲ್ಪ ಹೊಗೆ ಬರುತ್ತದೆ, ಒಳಗಿನ ಎಣ್ಣೆ ಸುಟ್ಟದ್ದು, ಹೆದರಬೇಡಿ. ಮನೆ ಹಿಂದಿನ ಮಣ್ಣಿನ ದರೆಗೆ ಅಡಿಕೆ ಹಾಳೆ ಒರಗಿಸಿ, ಇದ್ದಿಲಿನಿಂದ ವೃತ್ತ ಬರೆದು, ಹತ್ತು ಮೀಟರ್ ಅಳೆದು ನಿಂತೆವು. ಹಾಳೆ ಇದಕ್ಕೆ ಹೇಳಿ ಮಾಡಿಸಿದ್ದು. ತೂತು ಸ್ವಚ್ಛ ಬೀಳುತ್ತದೆ, ತೋಟದಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ. ತಿಂಗಳೊಳಗೆ ಹುಡುಗ ಐದು ಈಡನ್ನು ಹತ್ತು ರೂಪಾಯಿ ನಾಣ್ಯದ ಅಗಲದಲ್ಲಿ ಕೂರಿಸಿದ. ನನ್ನವು ಊಟದ ತಟ್ಟೆ ಅಗಲದಲ್ಲಿ ಬಿದ್ದವು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಹತ್ತು ಮೀಟರಿನಲ್ಲಿ, ಇದೇ ನಾಲ್ಕೂವರೆ ಮಿಲಿಮೀಟರ್ ಪೆಲೆಟ್ಟಿನಲ್ಲಿ ಅಂತ ಅವನಿಗೆ ಹೇಳಿದೆ. ಆವತ್ತಿನಿಂದ ಉಸಿರು ಹಿಡಿದು ನಿಲ್ಲುವುದೇ ನಿಲ್ಲುವುದು. ಗಣಿತದ ಹೋಮ್‌ವರ್ಕಿನಲ್ಲಿ ಕಾಣದ ತಾಳ್ಮೆ ಇಲ್ಲಿ ಎಲ್ಲಿಂದ ಬಂತೋ.

ತಗೊಳ್ಳುವವರಿಗೆ ಕೆಲವು ಮಾತು, ಪೆಟ್ಟಿಗೆಯ ಜೊತೆ ಬರುವ ಚೀಟಿಯಲ್ಲಿ ಅಕ್ಷರ ಇರುವೆಗಿಂತ ಸಣ್ಣ. ಪೆಲೆಟ್ ಹಾಕದೆ ಬರಿದೇ ಟ್ರಿಗರ್ ಒತ್ತಬೇಡಿ, ಒಳಗಿನ ಪಿಸ್ಟನ್ನಿಗೆ ಗಾಳಿಯ ತಡೆ ಸಿಗದೆ ಬಡಿದುಕೊಂಡು ಹಾಳಾಗುತ್ತದೆ. ಪೆಲೆಟ್ ಹಾಕುವಾಗ ಇನ್ನೊಂದು ಕೈ ನಳಿಗೆ ಬಿಡಬಾರದು, ಅದು ಬಡಕ್ಕನೆ ಮುಚ್ಚಿಕೊಂಡರೆ ಬೆರಳಿನ ಕಥೆ ಮುಗಿಯಿತು. ಹಿಂದೆ ಮಣ್ಣೇ ಇರಬೇಕು. ಚಿರೇಕಲ್ಲಿನ ಗೋಡೆಗೆ ಒಂದು ಸಲ ಹೊಡೆದು ನೋಡಿದೆವು, ಪೆಲೆಟ್ ತಿರುಗಿ ಬಂದು ನನ್ನ ಮೊಣಕಾಲಿಗೆ ತಾಗಿತು. ಪಂಚೆ ಉಳಿಸಿತು. ಗುರಿ ತಪ್ಪಿ ಮೇಲೆ ಹಾರಿದರೆ ಇನ್ನೂರು ಮೀಟರಿಗಿಂತ ಜಾಸ್ತಿ ದೂರ ಹೋಗುತ್ತದೆ, ಆಟಿಕೆ ಅಂತ ತಿಳಿಯಬೇಡಿ. ಕನ್ನಡಕ ಹಾಕಿಸಿ. ಪೆಲೆಟ್ ಸೀಸದ್ದು, ಮುಟ್ಟಿದ ಕೈಯಲ್ಲಿ ಅವಲಕ್ಕಿ ತಿನ್ನಲು ಬಿಡಬೇಡಿ.

ಮತ್ತೆ ಮಳೆಗಾಲ. ಜೂನ್ ಬರುವಾಗ ನಾನು ಬುದ್ಧಿವಂತನ ಹಾಗೆ ನಳಿಗೆಗೆ ಕೊಬ್ಬರಿ ಎಣ್ಣೆ ಹಚ್ಚಿ ಇಟ್ಟೆ. ಶ್ರಾವಣದಲ್ಲಿ ತೆಗೆದರೆ ಅಂಟು ಅಂಟು, ಅದರ ಮೇಲೆ ಧೂಳು, ಅದರ ಅಡಿಗೆ ತುಕ್ಕಿನ ಚುಕ್ಕೆ. ಹೊಲಿಗೆ ಮಷಿನ್ನಿನ ಎಣ್ಣೆ ಹಚ್ಚಬೇಕಿತ್ತು, ಅದೂ ಹೊರಗೆ ಮಾತ್ರ. ಮರದ ಹಿಡಿಕೆ ಬೂಸಲು ಹಿಡಿಯಿತು, ಒರೆಸಿದರೆ ಹೋಯಿತು. ಇದು ಸಾಮಾನಿನ ತಪ್ಪಲ್ಲ, ನಮ್ಮ ಮನೆಯಲ್ಲಿ ಜುಲೈನಲ್ಲಿ ಬೂಸಲು ಹಿಡಿಯದೆ ಇರುವುದು ದೇವರ ದೀಪ ಒಂದೇ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಮಂಗಕ್ಕೆ ಆಗ್ತದಾ? ಇಲ್ಲ. ಖಂಡಿತ ಇಲ್ಲ. ಮಂಗ ಓಡುವುದು ಕೋವಿಯ ಸದ್ದಿಗೆ, ಚರೆಗೆ ಅಲ್ಲ. ಏರ್‌ಗನ್ನಿನದು ಪಟ್ ಅನ್ನುವ ಸದ್ದು, ಅಡಿಕೆ ಒಡೆದ ಹಾಗೆ. ದೊಡ್ಡ ಗಡವ ಒಂದು ಬಾಳೆಗೊನೆ ಬಿಡದೆ ನಮ್ಮನ್ನೇ ನೋಡುತ್ತ ಕೂತಿತು. ಹೊಡೆಯದಿದ್ದರೆ ಅದು ಹೆದರುವುದಿಲ್ಲ. ಹೊಡೆದರೆ ಬರೀ ಗಾಯ. ಗಾಯ ಆದ ಮಂಗ ಬೆಟ್ಟಕ್ಕೆ ಹೋಗಿ ಕೊಳೆತು ಸಾಯುತ್ತದೆ. ಮಂಗನ ಕಾಯಿಲೆ ಇರುವ ಸೀಮೆ ನಮ್ಮದು, ಸತ್ತ ಮಂಗದ ಸುತ್ತ ಉಣುಗು ಉದುರಿ ಹರಡುತ್ತದೆ ಅಂತ ಆರೋಗ್ಯ ಇಲಾಖೆಯವರು ಪ್ರತಿ ವರ್ಷ ಹೇಳಿ ಹೋಗುತ್ತಾರೆ. ಇನ್ನು ಕೆಂಜಳಿಲು, ಮಂಗಟ್ಟೆ ಹಕ್ಕಿ ಇವುಗಳ ಕಡೆ ತಿರುಗಿಸಿದರೆ ಅರಣ್ಯ ಇಲಾಖೆಯ ಕೇಸು, 1972ರ ವನ್ಯಜೀವಿ ಕಾಯ್ದೆಗೆ ಏರ್‌ಗನ್ನೂ ಒಂದೇ ಕೋವಿಯೂ ಒಂದೇ. ತೋಟ ಕಾಯಲು ತಗೊಳ್ಳುವವರು ಆರು ಸಾವಿರ ಉಳಿಸಿ. ತಗಡಿನ ಡಬ್ಬವೇ ವಾಸಿ.

ಈ ಏರ್‌ಗನ್ ಉಡುಗೊರೆಯ ಹುಟ್ಟೂರು ಅಮೆರಿಕ ಅಂತ ಗೊತ್ತಾದದ್ದು ದೊಡ್ಡಮ್ಮನ ಮಗನಿಂದ. ಅಣ್ಣ ಇರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ದೀಪಾವಳಿಗೆ ಫೋನ್ ಮಾಡಿದಾಗ ವಿಷಯ ಹೇಳಿದೆ. "ಹೋಯ್, ನಮ್ಮ ಪಕ್ಕದ ಊರಿನ ಸಾಮಾನು ಅದು" ಅಂದ. ಅಲ್ಲಿ ಪ್ಲಿಮತ್ ಅಂತ ಊರು. 1882ರಲ್ಲಿ ಶುರುವಾದ ಗಾಳಿಯಂತ್ರದ ಕಂಪನಿ ಇತ್ತು, ರೈತರ ಹೊಲಕ್ಕೆ ನೀರೆತ್ತುವ ಕಬ್ಬಿಣದ ಗಾಳಿಯಂತ್ರ ಮಾಡುತ್ತಿದ್ದರು. ವ್ಯಾಪಾರ ಕುದುರಿಸಲು ಗಾಳಿಯಂತ್ರ ಕೊಂಡವರಿಗೆ ಒಂದು ಸಣ್ಣ ಏರ್‌ಗನ್ ಉಚಿತ ಕೊಟ್ಟರು. ಜನಕ್ಕೆ ಗಾಳಿಯಂತ್ರಕ್ಕಿಂತ ಅದೇ ಹಿಡಿಸಿತು. ಕೊನೆಗೆ ಗಾಳಿಯಂತ್ರ ಬಿಟ್ಟು ಬರೀ ಏರ್‌ಗನ್ ಮಾಡಲು ಕೂತರು, 1895ರಲ್ಲಿ ಕಂಪನಿಯ ಹೆಸರನ್ನೂ ಡೈಸಿ ಅಂತ ಬದಲಿಸಿದರು. ಸೀರೆ ಕೊಂಡವರಿಗೆ ಕೊಟ್ಟ ಚೀಲವೇ ಅಂಗಡಿ ನುಂಗಿದ ಹಾಗೆ. 1940ರಲ್ಲಿ ಬಂದ ಅವರ ರೆಡ್ ರೈಡರ್ ಅನ್ನುವ ಮಾದರಿ, ಚಿತ್ರಕಥೆಯ ಕೌಬಾಯ್ ಒಬ್ಬನ ಹೆಸರಿನದು, ಅಲ್ಲಿಯ ಹುಡುಗರ ಕ್ರಿಸ್‌ಮಸ್ ಕನಸು ಆಯಿತು.

ಬರೀ ಏರ್‌ಗನ್ ಅಲ್ಲ. ನಿಜವಾದ ಬಂದೂಕೂ ಅಲ್ಲಿ ಅಂಚೆಯಲ್ಲಿ ಬರುತ್ತಿತ್ತು. ಸಿಯರ್ಸ್ ಅಂತ ದೊಡ್ಡ ಅಂಗಡಿಯ ಕ್ಯಾಟಲಾಗಿನಲ್ಲಿ ಗೊಂಬೆ, ಸೈಕಲ್ಲು, ಬಂದೂಕು ಎಲ್ಲ ಒಂದೇ ಪುಸ್ತಕದಲ್ಲಿ. ದುಡ್ಡು ಕಳಿಸಿದರೆ ಮನೆ ಬಾಗಿಲಿಗೆ. 1963ರಲ್ಲಿ ಅಧ್ಯಕ್ಷ ಕೆನಡಿಯನ್ನು ಕೊಂದ ರೈಫಲ್ ಕೂಡ ಹಾಗೆಯೇ ಚಿಕಾಗೋದ ಒಂದು ಅಂಗಡಿಯಿಂದ ಸುಳ್ಳು ಹೆಸರಿಗೆ ಅಂಚೆಯಲ್ಲಿ ಬಂದದ್ದು. 1968ರ ಕಾನೂನು ಬಂದ ಮೇಲೆ ಆ ಅಂಚೆ ವ್ಯಾಪಾರ ನಿಂತಿತು.

ಈಗ ಅಂಗಡಿಗೇ ಹೋಗಬೇಕು, ಫಾರಂ ತುಂಬಬೇಕು, ಅಂಗಡಿಯವನು ಎಫ್‌ಬಿಐ ವ್ಯವಸ್ಥೆಯಲ್ಲಿ ಹೆಸರು ತಪಾಸಣೆ ಮಾಡಿಸಬೇಕು. 1998ರಿಂದ ಹೀಗೆ. ಬಹಳ ಸಲ ಕೆಲವು ನಿಮಿಷದ ಕೆಲಸ. ನವೆಂಬರ್ ಕೊನೆಗೆ ಬ್ಲ್ಯಾಕ್ ಫ್ರೈಡೇ ಅಂತ ಹಬ್ಬದ ವ್ಯಾಪಾರ ಶುರುವಾಗುವ ದಿನ ಬರುತ್ತದಲ್ಲ, 2017ರ ಆ ಒಂದು ದಿನವೇ 2,03,086 ತಪಾಸಣೆ ಆಗಿತ್ತು. ಅಷ್ಟೂ ಉಡುಗೊರೆ ಅಂತ ಅಲ್ಲ, ತಪಾಸಣೆ ಮಾಡಿಸಿದವರೆಲ್ಲ ಕೊಂಡರು ಅಂತಲೂ ಅಲ್ಲ. ಆದರೂ ಒಂದೇ ದಿನಕ್ಕೆ ಎರಡು ಲಕ್ಷ. ನಮ್ಮದು 45 ದಿನಕ್ಕೆ ಒಂದು ಕೋವಿ.

ನಿನ್ನ ದುಡ್ಡಿನಲ್ಲಿ ಕೊಂಡು ಮನಸಾರೆ ಉಡುಗೊರೆ ಕೊಟ್ಟರೆ ಅಲ್ಲಿ ತಪ್ಪಲ್ಲ, ತಗೊಳ್ಳುವವರಿಗೆ ಬಂದೂಕು ಇಟ್ಟುಕೊಳ್ಳಲು ಅಡ್ಡಿ ಇರಬಾರದು ಅಷ್ಟೇ. ಬೇರೆಯವರ ದುಡ್ಡು ಇಸಕೊಂಡು ಅವರಿಗಾಗಿ ನಿನ್ನ ಹೆಸರಲ್ಲಿ ಕೊಂಡರೆ ಅಪರಾಧ. ಅಣ್ಣ ಇದನ್ನೆಲ್ಲ ನಗುತ್ತ ಹೇಳಿದ. ಆಮೇಲೆ ನಗು ನಿಲ್ಲಿಸಿ ಆಕ್ಸ್‌ಫರ್ಡ್ ಕಥೆ ಹೇಳಿದ. ಇಂಗ್ಲೆಂಡಿನದ್ದಲ್ಲ, ಅವನ ಮನೆಯಿಂದ ಒಂದು ತಾಸಿನ ದಾರಿಯ ಊರು. 2021ರ ನವೆಂಬರ್ 26, ಅದೇ ಬ್ಲ್ಯಾಕ್ ಫ್ರೈಡೇ, ಅಪ್ಪ ಒಬ್ಬ ಹದಿನೈದು ವರ್ಷದ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ ಪಿಸ್ತೂಲು ಕೊಂಡ. ಕ್ರಿಸ್‌ಮಸ್ಸಿಗೆ ಮುಂಚಿತ ಉಡುಗೊರೆ. ನಾಲ್ಕು ದಿನ ಬಿಟ್ಟು, ನವೆಂಬರ್ 30ಕ್ಕೆ, ಹುಡುಗ ಅದನ್ನು ಶಾಲೆಗೆ ಒಯ್ದ. ನಾಲ್ಕು ಮಕ್ಕಳು ಸತ್ತರು. ಹುಡುಗನಿಗೆ ಜೀವಾವಧಿ. 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ 10ರಿಂದ 15 ವರ್ಷ ಜೈಲಾಯಿತು. ಅಣ್ಣನ ಮಗಳು ಆಗ ಹೈಸ್ಕೂಲಿನಲ್ಲಿ ಓದುತ್ತಿದ್ದಳು, ಬೇರೆ ಊರಿನ ಶಾಲೆ. ಆ ವಾರ ಅವಳ ಶಾಲೆಯೂ ಬಂದ್ ಆಗಿತ್ತಂತೆ.

ನಾನು ಫೋನಿನಲ್ಲಿ ಹೂಂ ಅಂದೆ. ಅದು ಪಿಸ್ತೂಲು, ನಮ್ಮದು ಗಾಳಿಯದು, ಎಲ್ಲಿಂದ ಎಲ್ಲಿಗೆ ಹೋಲಿಕೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಅದಾಗಿ ಎರಡು ವಾರ. ಹುಡುಗ ರಜೆಗೆ ಬಂದಿದ್ದ, ಜೊತೆಗೆ ಅವನ ಗೆಳೆಯ ಒಬ್ಬ. ನಾನು ಕೊಟ್ಟಿಗೆಯಲ್ಲಿ ಇದ್ದೆ. ಅಂಗಳಕ್ಕೆ ಬಂದರೆ ಗೆಳೆಯ ಏರ್‌ಗನ್ ಹಿಡಿದು ಸಿನೆಮಾ ಹೀರೋ ಹಾಗೆ ಇವನ ಎದೆಗೆ ಗುರಿ ಇಟ್ಟಿದ್ದಾನೆ. ಇಬ್ಬರೂ ನಗುತ್ತಿದ್ದಾರೆ. ಕೂಗಿದೆ. "ಖಾಲಿ ಇದೆ ಮಾವ" ಅಂದ ನಮ್ಮವನು. ಕಸಿದುಕೊಂಡು ನಳಿಗೆ ಮಡಚಿ ನೋಡಿದೆ. ಒಳಗೆ ಪೆಲೆಟ್ ಇತ್ತು.

ಬೈಯಲಿಲ್ಲ. ಬೈಯಲು ಬಾಯಿ ಬರಲಿಲ್ಲ. ಬಿಲ್ಲು ಯಾರ ಹೆಸರಲ್ಲಿದೆ ಅನ್ನುವುದು ಆವತ್ತು ನೆನಪಾಯಿತು. ಹೆಂಡತಿ ಬಂದು ಏರ್‌ಗನ್ ಒಯ್ದು ಬಟ್ಟೆ ಕಪಾಟಿನಲ್ಲಿಟ್ಟು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪೆಲೆಟ್ ಡಬ್ಬಿ ಬೇರೆ ಕಡೆ, ಎಲ್ಲಿ ಅಂತ ನನಗೂ ಹೇಳಲಿಲ್ಲ. ಆವತ್ತಿನಿಂದ ಇವತ್ತಿನವರೆಗೆ ಕ್ರಮ ಒಂದೇ. ಹುಡುಗನಿಗೆ ಆಡಬೇಕೆಂದರೆ ನಾನು ಪಕ್ಕದಲ್ಲಿ ನಿಂತಿರಬೇಕು, ಅತ್ತೆಯನ್ನು ಕೇಳಿ ಕೀಲಿ ತರಬೇಕು, ಐವತ್ತು ಪೆಲೆಟ್ ಎಣಿಸಿ ಕೊಡುತ್ತಾಳೆ, ಎಣಿಸಿ ಮುಗಿಸಬೇಕು. ಅವನು ಬಂದ ಪ್ರತಿ ಭಾನುವಾರ ಬೆಳಿಗ್ಗೆ ಎರಡು ತಾಸು ನನ್ನದು ಹಾಳೆಗೆ ಹೋಯಿತು. ಆರು ಸಾವಿರದ ಬೆಲೆಯಲ್ಲಿ ಇದನ್ನು ಯಾರೂ ಬರೆದಿರಲಿಲ್ಲ.

2025ರ ದೀಪಾವಳಿಗೆ ಹುಡುಗ ಹೊಸ ಬೇಡಿಕೆ ತಂದ. ಕಾರ್ಬೈಡ್ ಗನ್. ಮೊಬೈಲಿನಲ್ಲಿ ನೋಡಿದ್ದಂತೆ. ಪಿವಿಸಿ ಪೈಪಿನ ತುಂಡು, ಹಿಂದೆ ಗ್ಯಾಸ್ ಲೈಟರು. ಇದು ನಮ್ಮ ಕಡೆಯವರಿಗೆ ಹೊಸದೇನಲ್ಲ, ಮಂಗ ಓಡಿಸಲು ತೋಟದಲ್ಲಿ ಇಂಥದ್ದನ್ನು ಮಾಡಿಕೊಂಡವರು ಇದ್ದಾರೆ. ಕಾರ್ಬೈಡಿಗೆ ನೀರು ತಾಗಿದರೆ ಅಸಿಟಿಲಿನ್ ಗ್ಯಾಸ್ ಏಳುತ್ತದೆ, ಕಿಡಿ ಬಿದ್ದರೆ ಢಂ. ಕೋವಿಗೆ ಸಮ ಸದ್ದು, ಇನ್ನೂರು ರೂಪಾಯಿ ಖರ್ಚು. ತೊಂದರೆ ಏನೆಂದರೆ ಒಮ್ಮೊಮ್ಮೆ ಒತ್ತಿದಾಗ ಹೊತ್ತುವುದಿಲ್ಲ. ಯಾಕೆ ಹೊತ್ತಲಿಲ್ಲ ಅಂತ ಮಗು ಪೈಪಿನ ಬಾಯಿಗೆ ಕಣ್ಣಿಟ್ಟು ನೋಡುತ್ತದೆ. ಆಗ ಹೊತ್ತುತ್ತದೆ. ಬೆಂಕಿಯ ಜೊತೆ ಒಳಗಿನ ಸುಣ್ಣವೂ ಕಣ್ಣಿಗೆ. ಆ ದೀಪಾವಳಿಗೆ ಮಧ್ಯಪ್ರದೇಶದಲ್ಲಿ ನೂರಕ್ಕೂ ಹೆಚ್ಚು ಜನ ಹೀಗೇ ಆಸ್ಪತ್ರೆ ಸೇರಿದರು, ಹೆಚ್ಚಿನವರು ಮಕ್ಕಳು, ಕೆಲವರ ದೃಷ್ಟಿಯೇ ಹೋಯಿತು. ಆಮೇಲೆ ಅಲ್ಲಿ ಅದನ್ನು ನಿಷೇಧಿಸಿದರು. ಸುದ್ದಿ ತೋರಿಸಿದೆ. ಹುಡುಗ ಎರಡನೇ ಸಲ ಕೇಳಲಿಲ್ಲ. ಇದಕ್ಕೆ ಸ್ಟಾರ್ ಇಲ್ಲ, ದಯವಿಟ್ಟು ಯಾರೂ ತರಬೇಡಿ, ದೊಡ್ಡವರೂ.

ನಮ್ಮ ಕಾಲದಲ್ಲಿ ಇಷ್ಟೆಲ್ಲ ರಗಳೆ ಇರಲಿಲ್ಲ ಅಂತ ಹೇಳುವ ಆಸೆ ಆಗುತ್ತದೆ. ಸುಳ್ಳು. ಬಿದಿರಿನ ಪೆಟ್ಲಿನಲ್ಲಿ ಹಸಿ ಕಾಯಿ ತುರುಕಿ ನಾನೇ ತಂಗಿಯ ಕಿವಿಗೆ ಹೊಡೆದು ಆಯಿಯಿಂದ ಸೌಟಿನ ಪೆಟ್ಟು ತಿಂದಿದ್ದೇನೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ತಗಡಿನ ಪಿಸ್ತೂಲು, ದೀಪಾವಳಿಗೆ ಅದಕ್ಕೆ ರೀಲು ಕೇಪು. ಕೆಂಪು ಕಾಗದದ ಸುರುಳಿ, ಅದರಲ್ಲಿ ಸಾಲಾಗಿ ಮದ್ದಿನ ಚುಕ್ಕೆ. ಪಿಸ್ತೂಲು ಮೂರನೇ ದಿನಕ್ಕೆ ಕೆಡುತ್ತಿತ್ತು. ಆಮೇಲೆ ಕಲ್ಲಿನಲ್ಲಿ ಜಜ್ಜಿ ಮುಗಿಸುವುದು. ಆ ವಾಸನೆ ಈಗಲೂ ಮೂಗಿನಲ್ಲಿದೆ. ಹುಡುಗನಿಗೆ ಈ ವರ್ಷ ಅದನ್ನೇ ತಂದುಕೊಟ್ಟೆ, ಈಗ ತಗಡಲ್ಲ ಪ್ಲಾಸ್ಟಿಕ್, ರೀಲಿನ ಬದಲು ಬಿಲ್ಲೆ. ಹದಿನಾಲ್ಕು ತುಂಬಿದವನು, ಮುಖ ಸಿಂಡರಿಸಿ ಪಕ್ಕದ ಮನೆಯ ಚಿಕ್ಕವನಿಗೆ ದಾಟಿಸಿದ. ಬಲಿಪಾಡ್ಯದ ಗೋಪೂಜೆ ಆಗುವಾಗ ಆ ಚಿಕ್ಕವನು ಕೊಟ್ಟಿಗೆಯ ಹಿಂದೆ ಟಪ್ ಅನಿಸಿದ, ದನ ಹಗ್ಗ ಕಿತ್ತಿತು. ಹಾರ, ಚಪ್ಪೆ ರೊಟ್ಟಿ ಸಮೇತ ತೋಟಕ್ಕೆ ಓಡಿತು.

ಕೊನೆಗೆ ತಗೊಳ್ಳಬಹುದಾ ಅಂತ ಕೇಳಿದರೆ, ಸಾಮಾನಿಗೆ ನಾಲ್ಕು ಸ್ಟಾರ್. ತುಕ್ಕಿಗೆ ಅರ್ಧ ಕಡಿಮೆ ಮಾಡಬಹುದಿತ್ತು, ಕೊಬ್ಬರಿ ಎಣ್ಣೆ ನನ್ನದೇ ಆದ್ದರಿಂದ ಬಿಟ್ಟೆ. ಮಗುವಿಗೆ ಉಡುಗೊರೆ ಅನ್ನುವ ಲೆಕ್ಕದಲ್ಲಿ ಎರಡು. ಪಕ್ಕದಲ್ಲಿ ನಿಲ್ಲಲು ನಿಮಗೆ ಪುರಸೊತ್ತು ಇಲ್ಲವಾದರೆ ಸೈಕಲ್ಲು ಕೊಡಿಸಿ. ಊರಲ್ಲಿ ಇಲ್ಲದ ಮಾವಂದಿರು ಕೊರಿಯರ್‌ನಲ್ಲಿ ಕಳಿಸಲೇಬೇಡಿ.

ಅಪ್ಪನ ಕೋವಿ ನಾಗಂದಿಗೆಯ ಪಕ್ಕದ ಪೆಟ್ಟಿಗೆಯಲ್ಲಿದೆ. ನವಮಿಯ ದಿನ ಹೊರಗೆ ತೆಗೆದು ಗಂಧ ಹಚ್ಚುವಾಗ ಹುಡುಗ ಬಂದಿದ್ದ. ಮುಟ್ಟಲಿಲ್ಲ. ಸ್ವಲ್ಪ ದೂರ ನಿಂತು "ಅಜ್ಜ, ಖಾಲಿ ಇದ್ಯಾ ನೋಡಿದ್ಯಾ?" ಅಂದ. ಅಪ್ಪ ಅವನ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಕೋವಿ ಮಡಚಿ ತೋರಿಸಿದ.

ಪೆಲೆಟ್ ಡಬ್ಬಿಯಲ್ಲಿ ಇನ್ನು ಮೂವತ್ತೋ ನಲವತ್ತೋ ಉಳಿದಿದೆ ಅಂತ ಹೆಂಡತಿ ಹೇಳಿದಳು. ಹುಡುಗ ಬರುವ ಭಾನುವಾರ ಬರುತ್ತಾನೆ. ಶನಿವಾರ ಶಿರಸಿಗೆ ಹೋಗಬೇಕು.